ಪೈಪು ಹಾಕುವ ದಿನವೇ ತೆಗೆಯುವ ದಿನವನ್ನೂ ಬರೆಯಿರಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ, ಹಾಗೂ ರಾಜ್ಯದ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳ ಮೆಡಿಸಿನ್, ನರರೋಗ, ಮನೋರೋಗ ವಿಭಾಗಗಳ ಮುಖ್ಯಸ್ಥರಿಗೆ,

ಗೌರವಪೂರ್ವಕ ವಂದನೆಗಳು.

‘ಆರ್‌ಟಿ ಫೀಡ್ 200 ಎಂಎಲ್, ಎರಡು ಗಂಟೆಗೊಮ್ಮೆ.’

ಮರೆವಿನ ಕಾಯಿಲೆ (ಡಿಮೆನ್ಶಿಯಾ) ಬಲಿತ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಹೆಚ್ಚಾಗಿ ಇಷ್ಟೇ ಇರುತ್ತದೆ. ಆರ್‌ಟಿ ಎಂದರೆ ರೈಲ್ಸ್ ಟ್ಯೂಬ್, ಮೂಗಿನಿಂದ ಜಠರಕ್ಕೆ ಇಳಿಸಿ ಗಂಜಿ, ನೀರು ಕೊಡುವ ಪೈಪು. ಆ ಮೂಗಿನ ಪೈಪು ಯಾಕೆ ಹಾಕಿದ್ದು, ಎಷ್ಟು ದಿನಕ್ಕೆ ಹಾಕಿದ್ದು, ಬದಲಾಯಿಸುವವರು ಯಾರು, ತೆಗೆದು ಬಾಯಲ್ಲಿ ಕೊಟ್ಟು ನೋಡುವುದು ಯಾವಾಗ ಎಂಬುದೊಂದೂ ಅಲ್ಲಿರುವುದಿಲ್ಲ. ಗಂಜಿಯಲ್ಲಿ ಏನಿರಬೇಕೆಂದೂ ಇರುವುದಿಲ್ಲ. ಮನೆಯವರು ಆ ಒಂದು ಸಾಲನ್ನೇ ಆಜ್ಞೆಯೆಂದುಕೊಂಡು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಪಾಲಿಸುತ್ತಾರೆ. ಹಿರಿಯರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಶುಶ್ರೂಷಕರು, ನುಂಗುವಿಕೆಯ ತೊಂದರೆಗೆ ಚಿಕಿತ್ಸೆ ಕೊಡುವವರು ಮತ್ತು ಆಹಾರ ತಜ್ಞರಾದ ನಾವು ಆ ಸಾಲಿನ ಬಗ್ಗೆಯೇ ತಮಗೆ ಬರೆಯುತ್ತಿದ್ದೇವೆ.

ಪೈಪಿನ ಮೇಲೆ ನಮಗೆ ಹಗೆ ಇಲ್ಲ. ಪಾರ್ಶ್ವವಾಯು ಹೊಡೆದ ಮೊದಲ ವಾರಗಳಲ್ಲಿ ಅದು ಜೀವ ಉಳಿಸುತ್ತದೆ. ಅವರಲ್ಲಿ ಹಲವರಿಗೆ ನುಂಗುವ ಶಕ್ತಿ ವಾಪಸ್ ಬರುತ್ತದೆ. ಡಿಮೆನ್ಶಿಯಾ ಇರುವ ಅಜ್ಜಿಗೆ ಮೂತ್ರದ ಸೋಂಕಾಗಿ ಮಂಪರು ಕವಿದಾಗ ನಾಲ್ಕು ದಿನ ಪೈಪಿನಲ್ಲಿ ನೀರು, ಔಷಧಿ ಕೊಡುವುದೂ ಸರಿಯೇ. ತಪ್ಪು ಐದನೆಯ ದಿನ ಶುರುವಾಗುತ್ತದೆ. ಜ್ವರ ಇಳಿದಿರುತ್ತದೆ, ಕಣ್ಣು ಬಿಟ್ಟಿರುತ್ತಾರೆ, ಹಾಸಿಗೆ ಖಾಲಿಯಾಗಬೇಕಾಗಿರುತ್ತದೆ. ಒಂದು ಚಮಚ ನೀರು ಕೊಟ್ಟು ನುಂಗುತ್ತಾರೋ ಇಲ್ಲವೋ ನೋಡುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಪೈಪಿನ ಸಮೇತ ಆಂಬುಲೆನ್ಸ್ ಹತ್ತಿಸುತ್ತಾರೆ.

ಬಲಿತ ಡಿಮೆನ್ಶಿಯಾದಲ್ಲಿ ದೀರ್ಘಕಾಲ ಪೈಪಿನಲ್ಲಿ ಉಣಿಸಿದರೆ ಆಯುಸ್ಸು ಹೆಚ್ಚುತ್ತದೆ, ನ್ಯುಮೋನಿಯಾ ತಪ್ಪುತ್ತದೆ, ಮಲಗಿದಲ್ಲೇ ಮಲಗಿ ಆಗುವ ಹುಣ್ಣು (ಬೆಡ್‌ಸೋರ್) ವಾಸಿಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ವೈದ್ಯರು 1999ರಲ್ಲೇ ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ ಬರೆದರು. ಆಮೇಲಿನ ಪರಿಶೀಲನೆಗಳೂ ಅದನ್ನೇ ಹೇಳಿವೆ. ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ 2014ರ ತನ್ನ ನಿಲುವಿನಲ್ಲಿ, ಇಂಥವರಿಗೆ ಪೈಪು ಬೇಡ, ನಿಧಾನವಾಗಿ ಕೈಯಾರೆ ಉಣಿಸಿ ಎಂದು ನೇರವಾಗಿ ಹೇಳಿತು. ಅಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ಬಲಿತ ಡಿಮೆನ್ಶಿಯಾ ಇದ್ದು ತಾವಾಗಿ ಉಣ್ಣಲಾಗದ ಹಂತಕ್ಕೆ ಬಂದವರ ಪೈಕಿ 2000ದಲ್ಲಿ ಶೇ 11.7 ಮಂದಿಗೆ ಪೈಪು ಬೀಳುತ್ತಿತ್ತು. 2014ರ ಹೊತ್ತಿಗೆ ಅದು ಶೇ 5.7ಕ್ಕೆ ಇಳಿಯಿತು. ಹೊಟ್ಟೆಯ ಮೇಲೆ ತೂತು ಮಾಡಿ ಕೂರಿಸುವ ಪೆಗ್ ಎಂಬ ಕೊಳವೆಯಂತೂ 1979ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೊದಲು ಹಾಕಿದ್ದು ಬಾಯಿಂದ ಸಾಕಷ್ಟು ಆಹಾರ ಹೋಗದ ಒಂದು ಹಸುಗೂಸಿಗೆ. ಮಕ್ಕಳಿಗೆಂದು ಹುಟ್ಟಿದ ಉಪಾಯ ಮುಪ್ಪಿನ ಮರೆವಿಗೆ ಹೇಗೆ ಅಂಟಿಕೊಂಡಿತೋ!

‘ಬಾಯಲ್ಲಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ, ಪೈಪೇ ಸೇಫು’ ಎಂದು ವಾರ್ಡಿನಲ್ಲಿ ಮನೆಯವರಿಗೆ ಹೇಳುವುದುಂಟು. ಎಂಜಲಿನ ಲೆಕ್ಕವನ್ನು ಮರೆತ ಮಾತು ಅದು. ದಿನಕ್ಕೆ ಲೀಟರಿನಷ್ಟು ಎಂಜಲು ಸುರಿಯುತ್ತದೆ. ಪೈಪು ಅದನ್ನು ತಡೆಯುವುದಿಲ್ಲ. ಬಾಯಲ್ಲಿ ಏನೂ ಕೊಡುತ್ತಿಲ್ಲವೆಂದು ಬಾಯಿ ತೊಳೆಯುವುದನ್ನೂ ಬಿಟ್ಟಿರುತ್ತಾರೆ. ನಾಲಿಗೆಯ ಮೇಲೆ ಹೊಪ್ಪಳೆ ಕಟ್ಟಿ, ಕ್ರಿಮಿ ತುಂಬಿದ ಆ ಎಂಜಲೇ ಉಸಿರಿನ ದಾರಿಗೆ ಇಳಿಯುತ್ತದೆ. ಇನ್ನೊಂದು ಕಡೆ, ಅನ್ನನಾಳ ಮತ್ತು ಜಠರದ ನಡುವೆ ಬಾಗಿಲಿನಂತಿರುವ ಸ್ನಾಯುವನ್ನು ಮೂಗಿನ ಪೈಪು ಹಗಲೂ ರಾತ್ರಿ ಓರೆಯಾಗಿ ತೆರೆದೇ ಇಟ್ಟಿರುತ್ತದೆ. ಮಲಗಿದವರಿಗೆ ಗಂಜಿ ನೂಕಿದರೆ ಅದು ಮೇಲಕ್ಕೆ ಉಕ್ಕಿ ಬರದೆ ಎಲ್ಲಿಗೆ ಹೋದೀತು?

ಇನ್ನು ಕೈ ಕಟ್ಟುವ ವಿಚಾರ. ಮೂಗಿನೊಳಗೆ ಏನೋ ತುರುಕಿದ್ದಾರೆ, ಯಾಕೆಂದು ಗೊತ್ತಿಲ್ಲ, ಕಿತ್ತುಹಾಕುತ್ತಾರೆ. ಯಾರಾದರೂ ಕಿತ್ತುಹಾಕುತ್ತಾರೆ. ಕಿತ್ತಾಗಲೆಲ್ಲ ಮತ್ತೆ ಹಾಕುವುದು, ಮೂಗಿನಲ್ಲಿ ರಕ್ತ, ಗಂಟಲಲ್ಲಿ ಗಾಯ. ಎರಡನೆಯ ಸಲದ ಹೊತ್ತಿಗೆ ಗಾಜ್ ಬ್ಯಾಂಡೇಜಿನಲ್ಲಿ ಮಣಿಕಟ್ಟನ್ನು ಮಂಚದ ಕಂಬಿಗೆ ಕಟ್ಟಲಾಗುತ್ತದೆ. ಮನೆಗೆ ಬಂದ ಮೇಲೆ ಹಳೆಯ ಸೀರೆಯ ಅಂಚು, ಪಂಚೆಯ ತುಂಡು. ಕಟ್ಟಿದ ಕೈಯವರು ಮಗ್ಗುಲು ಹೊರಳಲಾರರು. ಬೆನ್ನಿನ ಕೆಳಗೆ, ಟೊಂಕದ ಮೂಳೆಯ ಮೇಲೆ ಚರ್ಮ ಕೆಂಪಾಗಿ, ಕಪ್ಪಾಗಿ, ಒಡೆಯುತ್ತದೆ. ಒದ್ದಾಟ ಹೆಚ್ಚಾಯಿತೆಂದು ನಿದ್ದೆಯ ಮಾತ್ರೆ, ಮಾತ್ರೆಯ ಮಂಪರಿನಲ್ಲಿ ನುಂಗುವುದು ಇನ್ನಷ್ಟು ಕ್ಷೀಣ, ಹಾಗಾಗಿ ಪೈಪು ಇನ್ನಷ್ಟು ಅನಿವಾರ್ಯ. ಪೈಪು ತಾನೇ ತನಗೆ ಕಾರಣ ಹುಟ್ಟಿಸಿಕೊಳ್ಳುವುದು ಹೀಗೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿಂದ ಮಾತ್ರ, ಅಗತ್ಯವಿರುವಷ್ಟೇ ಹೊತ್ತು ರೋಗಿಯನ್ನು ಕಟ್ಟಬಹುದು, ಕಾರಣವನ್ನು ದಾಖಲಿಸಬೇಕು. ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಇಷ್ಟು ಕಟ್ಟುನಿಟ್ಟು. ಅದೇ ರೋಗಿ ಮೆಡಿಸಿನ್ ವಾರ್ಡಿನಲ್ಲಿದ್ದರೆ ಆಯಾ ಒಬ್ಬರೇ ನಿರ್ಧರಿಸಿ ಕಟ್ಟಿಬಿಡಬಹುದೇ? ಗೋಡೆಯೊಂದರ ಆಚೆ ಈಚೆ ಎರಡು ನ್ಯಾಯ ಇದ್ದಂತಾಯಿತು.

‘ಪೈಪಿದೆ, ಹೊಟ್ಟೆಗಂತೂ ಹೋಗುತ್ತಿದೆ’ ಎಂಬ ಸಮಾಧಾನವೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಸಿರಿಂಜಿನಲ್ಲಿ ಸರಾಗ ಇಳಿಯುವಷ್ಟು ತೆಳ್ಳಗಿನ ರಾಗಿ ಗಂಜಿ 200 ಎಂಎಲ್ ಮಾಡಿದರೆ ಅದಕ್ಕೆ ಹಿಡಿಯುವುದು ಹೆಚ್ಚೆಂದರೆ 20 ಗ್ರಾಂ ಹಿಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲರಿ, 7 ಗ್ರಾಂ ಪ್ರೋಟೀನ್. ಅಂದರೆ ಒಂದು ಫೀಡಿಗೆ 64 ಕ್ಯಾಲರಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಎರಡು ಗಂಟೆಗೊಮ್ಮೆ ತಪ್ಪದೆ ಒಂಬತ್ತು ಸಲ ಕೊಟ್ಟರೂ ದಿನಕ್ಕೆ 575ರ ಆಸುಪಾಸು ಕ್ಯಾಲರಿ, 13 ಗ್ರಾಂ ಪ್ರೋಟೀನ್. 45 ಕಿಲೋ ತೂಕದ ಹಿರಿಯರಿಗೆ ಬೇಕಿರುವುದು 1,125ರಿಂದ 1,350 ಕ್ಯಾಲರಿ, ಸುಮಾರು 45 ಗ್ರಾಂ ಪ್ರೋಟೀನ್. ಮೂಗಿಗೆ ಪೈಪು ಹಾಕಿಸಿಕೊಂಡು, ಕೈ ಕಟ್ಟಿಸಿಕೊಂಡು, ಅರೆಹೊಟ್ಟೆಯಲ್ಲಿ ಮಲಗಿರುವ ಹಿರಿಯರು ಈ ರಾಜ್ಯದಲ್ಲಿದ್ದಾರೆ. ಬೆಡ್‌ಸೋರ್ ಯಾಕೆ ಮಾಯುತ್ತಿಲ್ಲವೆಂದು ಮನೆಯವರು ಮುಲಾಮು ಬದಲಾಯಿಸುತ್ತಿರುತ್ತಾರೆ.

ಚೀಟಿಯಲ್ಲಿ ಇನ್ನು ನಾಲ್ಕು ಸಾಲು ಬರೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಹಿಟ್ಟು ಬೇಯಿಸಿದಾಗ ಅಷ್ಟು ಗಟ್ಟಿಯಾಗುವುದಿಲ್ಲ, ಅದೇ ತೆಳುವಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ನೀರಿನ ಬದಲು ಹಾಲಿನಲ್ಲಿ ಕಾಸಿದರೆ, 200 ಎಂಎಲ್ ಟೋನ್ಡ್ ಹಾಲಿಗೆ ಸುಮಾರು 115 ಕ್ಯಾಲರಿ, 6 ಗ್ರಾಂ ಪ್ರೋಟೀನ್ ಕೂಡುತ್ತದೆ. ಒಂದು ಟೀ ಚಮಚ ಎಣ್ಣೆಗೆ 45 ಕ್ಯಾಲರಿ. ನುಣ್ಣಗೆ ಬೆಂದ ಹೆಸರುಬೇಳೆಯನ್ನು ಮಿಕ್ಸಿಯಲ್ಲಿ ತಿರುವಿ ತೆಳು ಬಟ್ಟೆಯಲ್ಲಿ ಸೋಸಿ ಸೇರಿಸಬಹುದು. ಬಿಳಿ ಬಟ್ಟೆಯಲ್ಲಿ ಸೋಸಿದಾಗ ಉಳಿಯುವ ಚರಟವನ್ನು ಒಮ್ಮೆ ನೋಡಿದವರು ಸೋಸದೆ ಎಂದೂ ಕೊಡುವುದಿಲ್ಲ: ಪೈಪು ಕಟ್ಟಿಕೊಳ್ಳುವುದು ಅದರಿಂದಲೇ.

ಪೈಪಿನ ನಿರ್ವಹಣೆಯನ್ನೂ ಕಲಿಸಿ ಕಳಿಸುವವರಿಲ್ಲ. ನಮ್ಮಲ್ಲಿ ಬಳಸುವ ಸಾಮಾನ್ಯ ರೈಲ್ಸ್ ಟ್ಯೂಬ್ ಪಿವಿಸಿಯದು, 105 ಸೆಂ.ಮೀ. ಉದ್ದ, ತುದಿಯಿಂದ 50, 60, 70 ಸೆಂ.ಮೀ. ದೂರಕ್ಕೆ ಗುರುತು. ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿಯವರೆಗೆ ಅಳೆದು ಅಷ್ಟು ಒಳಗೆ ಬಿಡಬೇಕು. ಯಾವ ಗುರುತು ಹೊಳ್ಳೆಯ ಬಳಿ ನಿಂತಿತೆಂದು ಬರೆದುಕೊಟ್ಟರೆ, ಕೆಮ್ಮಿಗೋ ಎಳೆತಕ್ಕೋ ಪೈಪು ಮೇಲಕ್ಕೆ ಜಾರಿದ್ದು ಮನೆಯವರಿಗೂ ಗೊತ್ತಾಗುತ್ತದೆ. ಸಿರಿಂಜಿನಲ್ಲಿ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ‘ಗುಳ್’ ಎಂದಿತು, ಸರಿಯಾಗಿದೆ ಎನ್ನುವುದು ಇನ್ನೂ ನಿಂತಿಲ್ಲ. ಶ್ವಾಸನಾಳಕ್ಕೆ ಹೋದ ಪೈಪಿನಿಂದಲೂ ಆ ಸದ್ದು ಕೇಳುತ್ತದೆ. ಪೈಪಿನ ಹೊರತುದಿಯನ್ನು ನೀರಿನಲ್ಲಿಟ್ಟು ಗುಳ್ಳೆ ನೋಡುವುದೂ ಅಷ್ಟೇ ಹುಸಿ. ಜಠರದ ರಸ ಎಳೆದು, ಆಮ್ಲತೆ ಅಳೆಯುವ ಪಿಎಚ್ ಪಟ್ಟಿಗೆ ಹಾಕಿದಾಗ 5.5 ಅಥವಾ ಕಡಿಮೆ ಬಂದರೆ ಧೈರ್ಯ. ರೋಗಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯಲ್ಲಿದ್ದು ಪಿಎಚ್ ಮೇಲಿದ್ದರೆ ಎಕ್ಸ್‌ರೇ.

ಪಿವಿಸಿ ಜಠರದ ಆಮ್ಲದಲ್ಲಿ ಮೃದುತ್ವ ಕಳೆದುಕೊಂಡು ವಾರ, ಹತ್ತು ದಿನದಲ್ಲಿ ಸೆಡೆಯುತ್ತದೆ. ಎರಡು ತಿಂಗಳಿಂದ ಹಾಗೇ ಇದ್ದ ಪೈಪನ್ನು ಹೊರಗೆಳೆದರೆ ತುದಿ ಕಡ್ಡಿಯಂತಿರುತ್ತದೆ, ಬಣ್ಣ ಕಂದು. ಹೊಳ್ಳೆಯ ಒಂದೇ ಅಂಚಿಗೆ ಪ್ಲಾಸ್ಟರ್ ಬಿಗಿದು ಚರ್ಮ ಕೊರೆದು ಹೋಗಿರುತ್ತದೆ. ಮನೆಯಲ್ಲಿ ಬದಲಾಯಿಸಲು ಯಾರೂ ಸಿಗದೆ, ಪ್ರತಿ ಸಲ ಬಾಡಿಗೆ ಕಾರು ಮಾಡಿ ತಾಲ್ಲೂಕಿಗೆ ಒಯ್ಯಲಾಗದೆ, ಜನ ಹಾಗೇ ಬಿಟ್ಟಿರುತ್ತಾರೆ. ತಿಂಗಳುಗಟ್ಟಲೆ ಬೇಕೇ ಬೇಕೆಂದಿದ್ದರೆ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಪೈಪುಗಳಿವೆ ಎಂದು ಹೇಳುವವರೂ ಇಲ್ಲ.

ಉಣಿಸುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ. ದಿಂಬಿಟ್ಟರೆ ಸಾಲದು, ಸೊಂಟದಿಂದಲೇ ಏಳಿಸಬೇಕು. 50 ಎಂಎಲ್ ಸಿರಿಂಜಿನ ಹಿಡಿಕೆ ತೆಗೆದು, ಮೇಲೆ ಹಿಡಿದು, ತಾನಾಗಿ ಇಳಿಯಲು ಬಿಡಬೇಕು, 15–20 ನಿಮಿಷ. ಅವಸರಕ್ಕೆ ಹಿಡಿಕೆ ಒತ್ತಿ ಎರಡೇ ನಿಮಿಷದಲ್ಲಿ ಮುಗಿಸಿದರೆ ವಾಂತಿ. ಮೊದಲೂ ಕೊನೆಗೂ 30 ಎಂಎಲ್ ನೀರು, ಆಮೇಲೆ ಮುಕ್ಕಾಲು ಗಂಟೆ ಮಲಗಿಸಬಾರದು. ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ ಗಂಜಿಗೆ ಬೆರೆಸುವುದು ಸಾಮಾನ್ಯ ತಪ್ಪು. ನಿಧಾನವಾಗಿ ಬಿಡುಗಡೆಯಾಗಬೇಕಾದ ಎಸ್‌ಆರ್ ಮಾತ್ರೆ ಕುಟ್ಟಿದರೆ ದಿನದ ಡೋಸೆಲ್ಲ ಒಂದೇ ಸಲ ರಕ್ತಕ್ಕೆ ಸೇರುತ್ತದೆ. ಫಿಟ್ಸ್‌ಗೆ ಕೊಡುವ ಫಿನಿಟಾಯಿನ್ ಗಂಜಿಯ ಜೊತೆ ಕೊಟ್ಟರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಫಿಟ್ಸ್ ಮತ್ತೆ ಬರುತ್ತದೆ, ಡೋಸ್ ಹೆಚ್ಚಿಸುತ್ತಾರೆ, ಮಂಪರು ಹೆಚ್ಚುತ್ತದೆ.

ಇಷ್ಟೆಲ್ಲ ಪಾಡಿಗೆ ಬದಲಾಗಿ ಕೈಯಾರೆ ಉಣಿಸುವುದನ್ನು ಕಲಿಸಲು ಎಷ್ಟು ಹೊತ್ತು ಬೇಕು? ನಮ್ಮ ಅನುಭವದಲ್ಲಿ ಎರಡು ಊಟದ ಹೊತ್ತು. ಪೂರ್ತಿ ಎಚ್ಚರವಿರುವಾಗ, ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆಗೆ ಬಾಗಿಸಿ, ಎದುರಿಗೆ ಅವರ ಕಣ್ಣಿನ ಮಟ್ಟದಲ್ಲಿ ಕೂತು, ಅರ್ಧ ಟೀ ಚಮಚದಿಂದ ಶುರು. ಗಂಟಲಿನ ಉಬ್ಬು ಮೇಲೆದ್ದು ಇಳಿದದ್ದನ್ನು ಕಂಡ ಮೇಲೆಯೇ ಮುಂದಿನ ಚಮಚ. ನುಂಗಲು ಮರೆತವರಿಗೆ ಖಾಲಿ ಚಮಚವನ್ನು ನಾಲಿಗೆಗೆ ಮೆಲ್ಲಗೆ ಒತ್ತಿದರೆ ನೆನಪಾಗುತ್ತದೆ. ದನಿ ನೀರು ತುಂಬಿದಂತೆ ಗೊರಗೊರ ಎಂದರೆ ನಿಲ್ಲಿಸಬೇಕು. ಕೊನೆಗೆ ಕೆನ್ನೆಯ ಸಂದಿಯಲ್ಲಿ ಉಳಿದದ್ದನ್ನು ಬೆರಳಿಗೆ ಬಟ್ಟೆ ಸುತ್ತಿ ತೆಗೆಯಬೇಕು. ಒಂದು ಊಟಕ್ಕೆ ಮೂವತ್ತು ನಲವತ್ತು ನಿಮಿಷ. ಅಷ್ಟರಲ್ಲಿ ದಣಿದರೆ ಅಲ್ಲಿಗೇ ಬಿಟ್ಟು ಎರಡು ಗಂಟೆ ಬಿಟ್ಟು ಮತ್ತೆ.

ನಮ್ಮ ಅಡುಗೆಯಲ್ಲೇ ಯಾವುದು ಆಗುತ್ತದೆ, ಯಾವುದು ಆಗದು ಎಂದು ಹೇಳಿಕೊಡುವವರು ಬೇಕು. ನುಂಗುವ ತೊಂದರೆಯವರಿಗೆ ಸಾರನ್ನ ಬಹಳ ಕಷ್ಟ: ಸಾರು ಗಂಟಲಿಗೆ ಮೊದಲೇ ಜಾರುತ್ತದೆ, ಅನ್ನ ಬಾಯಲ್ಲೇ ಉಳಿಯುತ್ತದೆ. ಅವಲಕ್ಕಿ, ಚಿತ್ರಾನ್ನದ ಉದುರು ಬಾಯ ತುಂಬ ಚದುರುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು ಗಂಟಲಿಗೆ ಅಂಟಿ ಕೆಮ್ಮು. ಅಗಿಯದೆ ನುಂಗುವ ಮುದ್ದೆ ಜೀವಮಾನವಿಡೀ ಅಭ್ಯಾಸವಿದ್ದವರಿಗೂ ಈಗ ಅಪಾಯ. ಒಗ್ಗರಣೆಯಿಲ್ಲದೆ ನುಣ್ಣಗೆ ಕಿವುಚಿದ ಮೊಸರನ್ನ, ರಾಗಿ ಮಣ್ಣಿ, ಹಾಲಿನಲ್ಲಿ ಪೂರ್ತಿ ನೆನೆಸಿ ಕದಡಿದ ಇಡ್ಲಿ, ಮಾಗಿದ ಬಾಳೆಹಣ್ಣಿನ ರಸಾಯನ ಇಳಿಯುತ್ತವೆ. ಬರಿ ನೀರೇ ಹೆಚ್ಚು ಜನಕ್ಕೆ ತಡೆಯುವುದು. ಸಬ್ಬಕ್ಕಿಯ ತಿಳಿಯಿಂದ ತುಸು ದಪ್ಪ ಮಾಡಿದರೆ ಹಲವರಿಗೆ ಸರಾಗ.

ಉಣ್ಣದಿರುವುದಕ್ಕೆಲ್ಲ ಡಿಮೆನ್ಶಿಯಾವೇ ಕಾರಣವೂ ಅಲ್ಲ. ಸಡಿಲವಾದ ಹಲ್ಲುಸೆಟ್ಟು, ನಾಲಿಗೆಯ ಮೇಲಿನ ಬಿಳಿ ಬೂಷ್ಟು, ಆರು ದಿನದ ಮಲಬದ್ಧತೆ, ಮರೆವಿಗೆಂದು ಕೊಟ್ಟು ಹಸಿವು ಕೊಲ್ಲುವ ಡೊನೆಪೆಜಿಲ್ ಮಾತ್ರೆ, ಒದ್ದಾಟಕ್ಕೆಂದು ಕೊಟ್ಟು ಗಂಟಲಿನ ಸ್ನಾಯು ಬಿಗಿಸುವ ಹ್ಯಾಲೊಪೆರಿಡಾಲ್: ಇವನ್ನು ನೋಡದೆಯೇ ಪೈಪು ಹಾಕುವುದುಂಟು. ಮನೋರೋಗಗಳಲ್ಲಿ ಈ ಮಾತು ಇನ್ನೂ ಖಡಾಖಂಡಿತ. ಮಾತು, ಚಲನೆ ಸ್ತಬ್ಧವಾಗುವ ಕ್ಯಾಟಟೋನಿಯಾದಲ್ಲಿ ಬಾಯಿ ಬಿಗಿದು ಕೂತವರಿಗೆ ಒಂದೆರಡು ಮಿಲಿಗ್ರಾಂ ಲೊರಾಜೆಪಾಮ್ ಔಷಧಿ ಕೊಟ್ಟರೆ ಅನೇಕರು ಅದೇ ದಿನ ನೀರು ಕುಡಿಯುತ್ತಾರೆ. ಆಗದಿದ್ದರೆ ಅರಿವಳಿಕೆ ಕೊಟ್ಟು ಮಾಡುವ ಇಸಿಟಿ ಎಂಬ ವಿದ್ಯುತ್ ಚಿಕಿತ್ಸೆ ಇದೆ. ಅಲ್ಲಿ ಪೈಪು ಚಿಕಿತ್ಸೆ ಹಿಡಿಯುವವರೆಗಿನ ಕಾಲುಸಂಕ ಮಾತ್ರ. ಹತ್ತು ಹನ್ನೆರಡು ದಿನ ಏನೂ ತಿನ್ನದವರಿಗೆ ಒಮ್ಮೆಲೇ ಪೂರ್ತಿ ಫೀಡ್ ಸುರಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು. ಮೊದಲು ಥಯಮಿನ್ (ಬಿ1 ವಿಟಮಿನ್), ದೇಹತೂಕದ ಕಿಲೋಗೆ ದಿನಕ್ಕೆ ಹತ್ತು ಕ್ಯಾಲರಿಯಿಂದ ಆರಂಭ, ದಿನವೂ ರಕ್ತಪರೀಕ್ಷೆ.

‘ಹಾಗಾದರೆ ಉಪವಾಸ ಸಾಯಿಸಬೇಕೇ?’ ಮಕ್ಕಳು ಕೇಳುವ ಪ್ರಶ್ನೆ ಇದು, ನೆಂಟರು ಮಕ್ಕಳನ್ನು ಚುಚ್ಚುವ ಪ್ರಶ್ನೆಯೂ ಇದೇ. ಕಾಯಿಲೆ ಕೊನೆಯ ಹಂತಕ್ಕೆ ಬಂದಾಗ ಹಸಿವೇ ಅಡಗುತ್ತದೆ. ಬಾಸ್ಟನ್ ಸುತ್ತಲಿನ ನರ್ಸಿಂಗ್ ಹೋಮ್‌ಗಳಲ್ಲಿ ಬಲಿತ ಡಿಮೆನ್ಶಿಯಾದ 323 ಜನರನ್ನು 18 ತಿಂಗಳು ಗಮನಿಸಿದ 2009ರ ಅಧ್ಯಯನದಲ್ಲಿ ಸುಮಾರು ಶೇ 86 ಮಂದಿಗೆ ಉಣ್ಣುವ ತೊಂದರೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆ ಅವಧಿಯಲ್ಲೇ ತೀರಿಕೊಂಡರು. ಉಣ್ಣಲಾಗದ್ದು ಆ ಕಾಯಿಲೆ ಮುಗಿಯುವ ರೀತಿ. ಬೇಕೆನಿಸಿದಾಗ ಬೇಕೆನಿಸಿದಷ್ಟು ಬಾಯಿಗೆ ಕೊಡುವುದು, ತುಟಿ ಒದ್ದೆ ಮಾಡುವುದು, ಬೇಡವೆಂದು ಮುಖ ತಿರುಗಿಸಿದಾಗ ನಿಲ್ಲಿಸುವುದು ಉಪವಾಸ ಕೆಡವಿದಂತಲ್ಲ. ಸಾಯುವವರ ಬಾಯಿಗೆ ತುಳಸಿ ನೀರು ಬಿಡುವ ನಮ್ಮ ಮನೆಗಳಲ್ಲಿ, ಆ ಬಾಯಿಗೇ ತಿಂಗಳುಗಟ್ಟಲೆ ಒಂದು ಹನಿ ಸೋಕದಂತೆ ನೋಡಿಕೊಳ್ಳುತ್ತಿದ್ದೇವೆ.

ಕಾನೂನೂ ವೈದ್ಯರ ಕೈ ಕಟ್ಟಿಲ್ಲ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಎತ್ತಿಹಿಡಿಯಿತು; 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ತಮ್ಮದೇ ಇಲಾಖೆ 2025ರ ಜನವರಿ 30ರಂದು ಈ ತೀರ್ಪಿನ ಜಾರಿಗೆ ಆದೇಶ ಹೊರಡಿಸಿ ದೇಶದ ಗಮನ ಸೆಳೆದಿತ್ತು. ಆ ಆದೇಶದ ಚರ್ಚೆಯೆಲ್ಲ ವೆಂಟಿಲೇಟರ್ ಸುತ್ತಲೇ ನಡೆಯಿತು. ಹಳ್ಳಿಮನೆಯ ಜಗಲಿಯವರೆಗೂ ತಲುಪಿರುವ ಯಂತ್ರವೆಂದರೆ ಐವತ್ತು ರೂಪಾಯಿಯೋ ನೂರು ರೂಪಾಯಿಯೋ ಕೊಟ್ಟರೆ ಸಿಗುವ ಈ ಪೈಪು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಪೈಪಿನ ಸಮೇತ ಮನೆಗೆ ಹೋಗುವ ಪ್ರತಿ ರೋಗಿಯ ಚೀಟಿಯಲ್ಲಿ ಐದು ವಿಷಯ ಕಡ್ಡಾಯವಾಗಲಿ: ಹಾಕಿದ ಕಾರಣ, ಹಾಕಿದ ದಿನ, ಹೊಳ್ಳೆಯ ಬಳಿಯ ಗುರುತು, ಬದಲಾಯಿಸುವ ದಿನ, ಬಾಯಲ್ಲಿ ಕೊಟ್ಟು ನೋಡಿ ಪೈಪು ತೆಗೆಯಲು ಯತ್ನಿಸುವ ದಿನ. ಕೊನೆಯದು ಎರಡು ವಾರ ಮೀರದಿರಲಿ. ಡಿಮೆನ್ಶಿಯಾ ರೋಗಿಗೆ ಪೈಪು ಮುಂದುವರಿಸುವ ಮೊದಲು ಹಿರಿಯ ವೈದ್ಯರೊಬ್ಬರು ಮನೆಯವರನ್ನು ಕೂರಿಸಿಕೊಂಡು, ಪೈಪಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಕನ್ನಡದಲ್ಲಿ, ಬೇಕಿದ್ದಲ್ಲಿ ತುಳು, ಉರ್ದುವಿನಲ್ಲಿ ಇಪ್ಪತ್ತು ನಿಮಿಷ ಹೇಳಲಿ. ಹೇಳಿದ್ದು ಕೇಸ್ ಶೀಟಿನಲ್ಲಿ ದಾಖಲಾಗಲಿ. ಯಾವ ವಾರ್ಡಿನಲ್ಲೇ ಆಗಲಿ, ಕೈ ಕಟ್ಟಿದರೆ ಯಾರು, ಯಾಕೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಬರೆಯುವ ನಿಯಮ ಬರಲಿ.

ನುಂಗುವಿಕೆಯನ್ನು ಪರೀಕ್ಷಿಸಬಲ್ಲವರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ತರಬೇತುಗೊಳಿಸುತ್ತಿದೆ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಅಂಥ ಒಬ್ಬರು ಮಕ್ಕಳ ಮಾತಿನ ಚಿಕಿತ್ಸೆಗಷ್ಟೇ ಅಲ್ಲ, ಮೆಡಿಸಿನ್ ವಾರ್ಡಿಗೂ ಸಿಗುವಂತಾಗಲಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 14ನೇ ನಂಬರಿನ ಪೈಪು, 50 ಎಂಎಲ್ ಸಿರಿಂಜು, ಪಿಎಚ್ ಪಟ್ಟಿ ಇರಲಿ. ಮನೆಗೆ ಹೋಗಿ ಬದಲಾಯಿಸಲು ತಾಲ್ಲೂಕಿಗೆ ಇಬ್ಬರಾದರೂ ತರಬೇತಾದ ನರ್ಸ್‌ಗಳಿಗೆ ಆದೇಶ ಮತ್ತು ಓಡಾಟದ ಭತ್ಯೆ ಇರಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಬಿಪಿ, ಸಕ್ಕರೆಯ ಜೊತೆಗೆ ‘ಈ ಮನೆಯಲ್ಲಿ ಮೂಗಿನ ಪೈಪಿನವರು ಇದ್ದಾರೆಯೇ, ಎಂದಿನಿಂದ’ ಎಂಬ ಒಂದು ಪ್ರಶ್ನೆ ಕೇಳಿದರೆ, ಇವತ್ತು ಲೆಕ್ಕದಲ್ಲೇ ಇಲ್ಲದ ಈ ಜನ ಮೊದಲ ಸಲ ಇಲಾಖೆಯ ಕಣ್ಣಿಗೆ ಬೀಳುತ್ತಾರೆ.

ಡಿಸ್ಚಾರ್ಜ್ ಚೀಟಿಗೆ ಲಗತ್ತಿಸಬಹುದಾದ ಒಂದು ಪುಟದ ಪತ್ರಕದ ಕರಡನ್ನು ನಾವು ಸಿದ್ಧ ಮಾಡಿದ್ದೇವೆ. ಒಂದು ಬದಿಯಲ್ಲಿ ಆ ಐದು ಖಾನೆಗಳು, ಇನ್ನೊಂದು ಬದಿಯಲ್ಲಿ ಕೈಯಾರೆ ಉಣಿಸುವ ವಿಧಾನ ಚಿತ್ರಗಳ ಸಮೇತ. ತಾವು ಸಮಯ ಕೊಟ್ಟ ದಿನ ತಂದು ತೋರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಿರಿಯರ ಮನೆ ಆರೈಕೆಯಲ್ಲಿ ತೊಡಗಿರುವ ಶುಶ್ರೂಷಕರು, ನುಂಗುವಿಕೆ ಚಿಕಿತ್ಸಕರು ಮತ್ತು ಆಹಾರ ತಜ್ಞರು